ಅಂಗಳದಲ್ಲೇ ಗಣಿತ, ನೆರಳಲ್ಲೇ ವಿಜ್ಞಾನ

ಮೇ ತಿಂಗಳ ಮೊದಲ ವಾರ ಮುಗಿಯುವ ಹೊತ್ತಿಗೆ, ಮಧ್ಯಾಹ್ನ 12 ಗಂಟೆ 20 ನಿಮಿಷದ ಸುಮಾರಿಗೆ, ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ವನದುರ್ಗದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಊರು ಭೂಮಧ್ಯರೇಖೆಯಿಂದ ಸುಮಾರು 16.6 ಡಿಗ್ರಿ ಉತ್ತರಕ್ಕಿದೆ. ಸೂರ್ಯ ಉತ್ತರಕ್ಕೆ ಸಾಗುತ್ತ ಆಗೊಮ್ಮೆ, ಆಗಸ್ಟ್ ಮೊದಲ ವಾರದಲ್ಲಿ ಮರಳುತ್ತ ಇನ್ನೊಮ್ಮೆ, ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟಿನಲ್ಲಿ ಮೋಡದ ಕಾಟ. ಮೇ ತಿಂಗಳಲ್ಲಾದರೆ ಶಾಲೆಗೆ ರಜೆ, ಆಕಾಶವೂ ನಿಚ್ಚಳ. ಆರೇಳು ವರ್ಷದ ಮಗುವಿನ ಮೊದಲ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ದಿನ ಸಿಗದು.

ಹದಿನೈದು ದಿನ ಮೊದಲೇ ಅಂಗಳದಲ್ಲಿ ಕೋಲು ನೆಟ್ಟು, ದಿನವೂ ಅದೇ ಹೊತ್ತಿಗೆ ನೆರಳಿನ ತುದಿಗೆ ಸುಣ್ಣದ ಗುರುತು ಹಾಕಿಸಿ. ನೆರಳು ಕುಗ್ಗುತ್ತ ಬಂದು, ಮಾಯವಾಗಿ, ಆಮೇಲೆ ದಕ್ಷಿಣಕ್ಕೆ ಹೊರಳುವುದನ್ನು ಮಗು ತಾನೇ ಕಂಡುಕೊಳ್ಳಲಿ. ಸೂರ್ಯನನ್ನು ನೇರವಾಗಿ ನೋಡಬಾರದೆಂಬ ಎಚ್ಚರ ಮಾತ್ರ ಇರಲಿ.

ಮಳಖೇಡದ ಪರಂಪರೆ

ವನದುರ್ಗದಲ್ಲಿ ಸುರಪುರ ನಾಯಕರ ಕಾಲದ ಕೋಟೆಯಿದೆ. 'ಈ ಗ್ವಾಡಿ ಎಷ್ಟ್ ಎತ್ತರ ಅದ?' ಎಂದು ಮಗು ಕೇಳಿದರೆ, 'ಅಳದು ನೋಡಮು ಬಾ' ಎನ್ನಿ. ಮೂರು ಅಡಿ ಕೋಲನ್ನು ಬಯಲಲ್ಲಿ ನಿಲ್ಲಿಸಿ. ಅದರ ನೆರಳು ಎರಡು ಅಡಿ ಇದೆ ಎಂದಿಟ್ಟುಕೊಳ್ಳಿ. ಕೋಲಿನ ನೆರಳು ಬಿದ್ದ ದಿಕ್ಕಿನಲ್ಲೇ ಗೋಡೆಯ ಬುಡದಿಂದ ಅದರ ನೆರಳಿನ ಅಂಚಿನವರೆಗೆ ಅಳೆದಾಗ ಹನ್ನೆರಡು ಅಡಿ ಬಂದರೆ, ಗೋಡೆ ಹದಿನೆಂಟು ಅಡಿ ಎತ್ತರ. ಗೋಡೆ ಹತ್ತದೆಯೇ ಲೆಕ್ಕ ಸಿಕ್ಕಿತು.

ಇದು ನಮ್ಮ ಸೀಮೆಗೆ ಹೊಸ ವಿದ್ಯೆಯಲ್ಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಪಕ್ಕದ ಕಲಬುರಗಿ ಜಿಲ್ಲೆಯಲ್ಲಿದೆ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದ ಕೊನೆಯ ಅಧ್ಯಾಯವೇ ನೆರಳಿನ ಲೆಕ್ಕ. ಸಂಗೀತಕ್ಕೂ ವೈದ್ಯಕ್ಕೂ ಅಡುಗೆಗೂ ಗಣಿತ ಬೇಕೆಂದು ಆತ ಗ್ರಂಥದ ಆರಂಭದಲ್ಲೇ ಹೇಳಿದ್ದಾನೆ.

ಕವಡೆ ಹೇಳುವ ಲೆಕ್ಕ

ಮಧ್ಯಾಹ್ನದ ಬಿಸಿಲಿಗೆ ಮನೆಯೊಳಗೆ ಕೂತಾಗ ಚೌಕಾಬಾರ ಇದ್ದೇ ಇದೆ. ನಾಲ್ಕು ಕವಡೆ ಬೀಳುವ ಬಗೆ ಒಟ್ಟು ಹದಿನಾರು. ಎರಡು ಅಂಗಾತ, ಎರಡು ಬೋರಲು ಬೀಳುವ ಬಗೆ ಆರು. ನಾಲ್ಕೂ ಅಂಗಾತ ಬೀಳುವುದು, ಅಂದರೆ ಚೌಕ, ಒಂದೇ ಬಗೆ. ಚೌಕ ಅಷ್ಟು ಅಪರೂಪ ಏಕೆಂದು ಮಗುವಿಗೆ ಇಲ್ಲಿ ತಿಳಿಯುತ್ತದೆ. ಆದರೆ ಕವಡೆಯ ಎರಡು ಮೈ ಒಂದೇ ತೆರನಾಗಿಲ್ಲ. ನೂರು ಸಲ ಎಸೆದು, ಬಿದ್ದದ್ದನ್ನೆಲ್ಲ ಗೀಟು ಹಾಕಿ ಬರೆಯಲಿ. ಹುಣಸೆ ಬೀಜದ ಒಡಕಿನಲ್ಲೂ ಮಾಡಿ ನೋಡಲಿ. ಲೆಕ್ಕಕ್ಕೂ ಕಂಡದ್ದಕ್ಕೂ ವ್ಯತ್ಯಾಸ ಬಂದಾಗ 'ಯಾಕ?' ಎಂಬ ಪ್ರಶ್ನೆ ಏಳುತ್ತದೆ. ವಿಜ್ಞಾನ ಹುಟ್ಟುವುದು ಅಲ್ಲಿಯೇ.

ಹೊಲಕ್ಕೆ ಹೋದಾಗ ಒಂದು ಗುಂಟೆ ಎಂದರೆ ಉದ್ದಗಲ 33 ಅಡಿಯ ಚೌಕವೆಂದು ಹೇಳಿ, ಹೆಜ್ಜೆ ಹಾಕಿಸಿ. ಅಂಥ 40 ಸೇರಿದರೆ ಎಕರೆ. ಪುಸ್ತಕದ ವಿಸ್ತೀರ್ಣ ಆಗ ಕಾಲಿಗೆ ತಿಳಿಯುತ್ತದೆ.

'ನಾವು ಕಲಿತಿಲ್ಲ' ಎನ್ನುವವರಿಗೆ

ಶಾಲೆಯ ಮೆಟ್ಟಿಲು ಹತ್ತದ ತಾಯಿ ತಂದೆ ಹಿಂಜರಿಯುವುದು ಇಲ್ಲೇ. ಸೇರು, ಪಾವಿನಲ್ಲಿ ಜೋಳ ಅಳೆಯುವ ಅವ್ವನಿಗೆ, ಬಿತ್ತನೆಯ ಸಾಲುಗಳ ನಡುವಿನ ಅಂತರವನ್ನು ಕಣ್ಣಳತೆಯಲ್ಲೇ ಹೇಳುವ ಅಪ್ಪನಿಗೆ ಗಣಿತ ಬಾರದೆಂದು ಯಾರು ಹೇಳಿದರು? ಮಗುವಿಗೆ ಬೇಕಿರುವುದು ಪಕ್ಕದಲ್ಲಿ ಕೂತು ನೋಡುವ ಹಿರಿಯರು. ಉತ್ತರ ತಪ್ಪಾದರೆ ಗದರಬೇಡಿ. ಇನ್ನೊಮ್ಮೆ ಅಳೆಯಲು ಹೇಳಿ. ಸರಿಯಾದರೂ 'ನಿನಗ ಹೆಂಗ ಗೊತ್ತಾತು?' ಎಂದು ಕೇಳಿ. ವಿವರಿಸುತ್ತ ವಿವರಿಸುತ್ತ ಮಗು ಮತ್ತಷ್ಟು ಕಲಿಯುತ್ತದೆ. ಓದಲು ಬಂದ ಮೇಲೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಪತ್ರಿಕೆ ಕೈಗಿಡಿ. ಕಲಬುರಗಿಗೆ ಹೋದಾಗ ಅಲ್ಲಿನ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಕರೆದೊಯ್ಯಿರಿ.

ಈ ರಜೆಯಲ್ಲಿ ಮಗುವಿಗೊಂದು ನೋಟ್‌ಬುಕ್ ಕೊಡಿಸಿ. ಎಡಗಡೆ ಅಂದಾಜು, ಬಲಗಡೆ ಅಳತೆ ಬರೆಯಲಿ. ಪುಟ ತುಂಬಿದಂತೆ ಎರಡರ ನಡುವಿನ ಅಂತರ ಕಡಿಮೆಯಾಗುತ್ತದೆ. ಹಿಂದುಳಿದ ಜಿಲ್ಲೆ ಎಂಬ ಮಾತು ಕೇಳುತ್ತ ಬೆಳೆಯುವ ಯಾದಗಿರಿಯ ಮಕ್ಕಳಿಗೆ, ತಮ್ಮ ಬುದ್ಧಿಯ ಮೇಲೆ ತಮಗೇ ನಂಬಿಕೆ ಬರುವುದು ಇಂಥ ಪುಟಗಳಿಂದ.