ಒಣಗದ ಹುಣ್ಣು, ಕಲಿಯುತ್ತಿರುವ ಡಾಕ್ಟರು



ಭತ್ತ ಬೇಯಿಸುವ ಹಂಡೆಯ ಬಿಸಿನೀರು ಚೆಲ್ಲಿಯೋ ಬಚ್ಚಲೊಲೆಯ ಬೆಂಕಿ ತಗಲಿಯೋ ಚಿಕ್ಕಂದಿನಲ್ಲಿ ಕಾಲು ಸುಟ್ಟುಕೊಂಡವರು ನಮ್ಮಲ್ಲಿ ಅನೇಕರಿದ್ದಾರೆ. ಗಾಯ ಒಣಗಿ ಕಲೆ ಉಳಿದಿರುತ್ತದೆ. ಮೂವತ್ತು ವರ್ಷಗಳ ಮೇಲೆ ಅದೇ ಕಲೆಯಲ್ಲಿ ಸಣ್ಣ ಹುಣ್ಣು ಏಳುವುದುಂಟು. ತೋಟದಲ್ಲಿ ಏನೋ ತಾಗಿರಬೇಕೆಂದು ನಾವು ಅರಸಿನ ಹಚ್ಚುತ್ತೇವೆ. ಮಳೆಗಾಲ ಕಳೆಯಲಿ, ಅಡಿಕೆ ಕೊಯ್ಲು ಮುಗಿಯಲಿ ಎಂದು ಮುಂದೂಡುತ್ತೇವೆ.

ಇಂತಹ ಹುಣ್ಣು ಚರ್ಮದ ಕ್ಯಾನ್ಸರ್ ಆಗಿರಬಹುದು. ಹಳೆಯ ಕಲೆಯ ಮೇಲೇಳುವ ಹುಣ್ಣನ್ನು 1828ರಲ್ಲಿ ವಿವರಿಸಿದ ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೊಲಿನ್ ಅವರ ಹೆಸರೇ ಇದಕ್ಕೆ ಬಂದಿದೆ. ಬಿಳಿಯ ಚರ್ಮದವರಿಗೆ ಬಿಸಿಲೇ ದೊಡ್ಡ ಶತ್ರು. ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸುತ್ತದೆ. ಅಲ್ಲಿನ ಹಳ್ಳಿಗಳಿಗೆ ತಜ್ಞರು ಬಹು ದೂರ. ಆದುದರಿಂದ ತರಬೇತಿಯಲ್ಲಿರುವ ಕುಟುಂಬ ವೈದ್ಯರೇ, ಹಿರಿಯರ ಮೇಲ್ವಿಚಾರಣೆಯಲ್ಲಿ, ಆ ಜಾಗವನ್ನಷ್ಟೇ ಮರಗಟ್ಟಿಸಿ ಸಣ್ಣ ಗಡ್ಡೆಗಳನ್ನು ಕತ್ತರಿಸಿ ತೆಗೆಯುತ್ತಾರೆ. ಪೇಟೆಯಲ್ಲಿ ಕಲಿಯುವವರಿಗಿಂತ ಹಳ್ಳಿಯಲ್ಲಿರುವವರ ಕೈ ಈ ಕೆಲಸದಲ್ಲಿ ಬೇಗ ಪಳಗುತ್ತದೆ.

ನಮ್ಮ ಚರ್ಮದ ಬಣ್ಣವೇ ನಮಗೆ ಬಿಸಿಲಿನಿಂದ ಬಹಳಷ್ಟು ರಕ್ಷಣೆ ಕೊಡುತ್ತದೆ. ಆದರೆ ಸುಟ್ಟ ಕಲೆ, ವರ್ಷಗಟ್ಟಲೆ ಒಣಗದ ಗಾಯ, ಅಂಗಾಲಿನಲ್ಲಿ ಹರಡುವ ಕಪ್ಪು ಮಚ್ಚೆ ಇವುಗಳ ವಿಷಯದಲ್ಲಿ ಆ ರಕ್ಷಣೆ ನಡೆಯದು. ನಾವು ಜಿಲ್ಲಾಸ್ಪತ್ರೆಗೆ ಹೋದರೆ ಮೊದಲು ನೋಡುವವರೂ ಬಹುಶಃ ಎಳೆಯ ಡಾಕ್ಟರೇ. ನಮ್ಮ ದೇಶದಲ್ಲಿ 2021ರಲ್ಲಿ ಸೇರಿದವರಿಂದ ಮೊದಲ್ಗೊಂಡು ಎಂ.ಎಸ್., ಎಂ.ಡಿ. ಓದುವವರು ಮೂರು ತಿಂಗಳು ಜಿಲ್ಲಾ ಮಟ್ಟದಲ್ಲಿ ದುಡಿಯಬೇಕೆಂಬ ನಿಯಮ ಬಂದಿದೆ. "ಈ ಹುಡುಗನ ಕೈಗೆ ಕಾಲು ಕೊಡುವುದೇ?" ಎಂದು ಎದ್ದು ಬರುವವರಿದ್ದಾರೆ. ಹಿಂಜರಿಕೆ ಸಹಜವೇ. ಹಿರಿಯ ಡಾಕ್ಟರು ನೋಡಿದ್ದಾರೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಎದ್ದು ಬರುವುದು ಮಾತ್ರ ತಪ್ಪು.

ಅವರು ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳುಹಿಸುತ್ತೇವೆ ಎನ್ನುತ್ತಾರೆ. ಇದಕ್ಕೆ ಬಯಾಪ್ಸಿ ಎಂದು ಹೆಸರು. ಕತ್ತಿ ತಾಗಿಸಿದರೆ ರೋಗ ಹರಡುತ್ತದೆಂಬ ಹೆದರಿಕೆ ನಮ್ಮಲ್ಲಿ ಬಲವಾಗಿದೆ, ಅದಕ್ಕೆ ಆಧಾರವಿಲ್ಲ. ಹರಡುವುದು ತಡಮಾಡಿದಾಗ. ಚೂರನ್ನು ಹುಣ್ಣಿನ ಅಂಚಿನಿಂದ ತೆಗೆಯಬೇಕು. ನಡುವಿನಿಂದ ತೆಗೆದರೆ ಬರೀ ಸತ್ತ ಮಾಂಸ ಬಂದು, ರೋಗವಿದ್ದರೂ "ಕ್ಯಾನ್ಸರ್ ಇಲ್ಲ" ಎಂಬ ವರದಿ ಬರಬಹುದು. ಹೊಸಬರು ಹಿರಿಯರ ಪಕ್ಕದಲ್ಲಿ ನಿಂತು ಕಲಿಯುವುದು ಇಂತಹ ಸೂಕ್ಷ್ಮಗಳನ್ನೇ. ವರದಿ ಒಳ್ಳೆಯದಿದ್ದೂ ಹುಣ್ಣು ಒಣಗದೆ, ಅಂಚು ದಪ್ಪವಾಗಿ, ರಕ್ತ ಒಸರುತ್ತಿದ್ದರೆ ಮತ್ತೆ ಹೋಗಿ ತೋರಿಸಬೇಕು.

ಬೇಗ ಸಿಕ್ಕಿದರೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸ್ವಲ್ಪ ಸೇರಿಸಿ ಕತ್ತರಿಸಿ, ಅಗತ್ಯವಿದ್ದಲ್ಲಿ ತೊಡೆಯಿಂದ ತೆಳ್ಳನೆಯ ಚರ್ಮ ತೆಗೆದು ಹೊದಿಸುತ್ತಾರೆ. ಮೂಳೆಗೆ ಇಳಿದ ಮೇಲೆ ಹೋದರೆ ಕಾಲನ್ನೇ ತೆಗೆಯಬೇಕಾದೀತು. ತೋಟದ ಕೆಲಸದಿಂದಲೇ ಬದುಕುವ ಮನೆಗೆ ಇದರ ಅರ್ಥವೇನೆಂದು ನಾವು ಹೇಳಬೇಕಾಗಿಲ್ಲ.

ಆಪರೇಷನ್ ಆದ ಮೇಲೂ ತೊಡೆಸಂದಿನಲ್ಲಿ ಗಂಟು ಬಂದಿದೆಯೇ ಎಂದು ನೋಡಲು ಕೆಲವು ತಿಂಗಳಿಗೊಮ್ಮೆ ಕರೆಯುತ್ತಾರೆ. ಅಷ್ಟರಲ್ಲಿ ಮೊದಲಿನ ಡಾಕ್ಟರು ಮೂರು ತಿಂಗಳು ಮುಗಿಸಿ ಹೊರಟುಹೋಗಿರುತ್ತಾರೆ. ಚೀಟಿ, ವರದಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು ಪ್ರತಿ ಸಲವೂ ಒಯ್ಯಿರಿ.