ಜಾಲಹಳ್ಳಿಯ ಕುರ್ಕ ಮತ್ತು ಕನ್ನಡದ ಪ್ರಾಣಿ ಪುಸ್ತಕಗಳು

ಪ್ರಾಣಿಗಳನ್ನು ಕುರಿತ ಪುಸ್ತಕಗಳನ್ನು ಮಕ್ಕಳವು, ದೊಡ್ಡವರವು ಎಂದು ಬೇರೆ ಬೇರೆ ಕಪಾಟಿನಲ್ಲಿ ಇಡುವುದು ಅಂಗಡಿಗೂ ಗ್ರಂಥಾಲಯಕ್ಕೂ ಅನುಕೂಲದ ಏರ್ಪಾಡು. ಆದರೆ ಕನ್ನಡದಲ್ಲಿ ಈ ವಿಷಯವಾಗಿ ಬಂದ ಒಳ್ಳೆಯ ಪುಸ್ತಕಗಳಲ್ಲಿ ಹಲವು ಆ ಗೆರೆಯನ್ನು ದಾಟಿಯೇ ಓದುಗರನ್ನು ಪಡೆದಿವೆ. ಓದುಗರ ವಯಸ್ಸಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಮತ್ತೊಂದಿದೆ: ಪುಸ್ತಕದೊಳಗಿನ ಪ್ರಾಣಿ ಮನುಷ್ಯನ ಗುಣಾವಗುಣಗಳನ್ನು ಆಡಿ ತೋರಿಸಲು ನಿಂತ ಪಾತ್ರವೋ, ಅಥವಾ ತನ್ನದೇ ಹಸಿವು, ಭಯ, ಮರಿಗಳ ಪಾಲನೆಗಳೊಂದಿಗೆ ಬದುಕುವ ಜೀವವೋ? ಈ ಎರಡನೆಯ ಬಗೆಯ ಬರವಣಿಗೆ ಕನ್ನಡದಲ್ಲಿ ಬೆಳೆದು ಬಂದ ಬಗೆಯನ್ನು ನೋಡುವಾಗ ಬೆಂಗಳೂರಿನ ಉತ್ತರ ಭಾಗದ ಕೆಲವು ಊರುಗಳು ಮತ್ತೆ ಮತ್ತೆ ಎದುರಾಗುತ್ತವೆ.

ಮೊದಲ ಬಗೆಯ ದೊಡ್ಡ ಮಾದರಿ ಪಂಚತಂತ್ರ. ಚಾಲುಕ್ಯ ಚಕ್ರವರ್ತಿ ಜಯಸಿಂಹನ ಆಸ್ಥಾನದಲ್ಲಿದ್ದ ದುರ್ಗಸಿಂಹನು ಸುಮಾರು 1031ರಲ್ಲಿ, ವಸುಭಾಗಭಟ್ಟನ ಸಂಸ್ಕೃತ ಪಾಠವನ್ನು ಅನುಸರಿಸಿ, ಗದ್ಯಪದ್ಯಗಳು ಬೆರೆತ ಚಂಪೂ ರೂಪದಲ್ಲಿ ಇದನ್ನು ಕನ್ನಡಕ್ಕೆ ತಂದನು. ಸಿಂಹಕ್ಕೂ ಎತ್ತಿಗೂ ಬೆಳೆದ ಸ್ನೇಹವನ್ನು ನರಿಯೊಂದು ಚಾಡಿಯಿಂದ ಒಡೆಯುವ ಅದರ ಕತೆ ರಾಜನೀತಿಯ ಪಾಠವಾಗಿ ಹುಟ್ಟಿದ್ದು. ಇಂದು ಅದೇ ಕತೆ ಬಣ್ಣದ ಚಿತ್ರಗಳೊಡನೆ ಆರು ವರ್ಷದ ಮಕ್ಕಳ ಕೈಯಲ್ಲಿದೆ. ಇಂಗ್ಲೆಂಡಿನ ಅನ್ನಾ ಸೀವೆಲ್ 1877ರಲ್ಲಿ ಪ್ರಕಟಿಸಿದ ಕುದುರೆಯ ಆತ್ಮಕಥೆ ‘ಬ್ಲ್ಯಾಕ್ ಬ್ಯೂಟಿ’ಯೂ ಕುದುರೆಗಳನ್ನು ಪಳಗಿಸುವ, ದುಡಿಸುವ ದೊಡ್ಡವರಿಗಾಗಿಯೇ ಬರೆದದ್ದಾಗಿದ್ದು, ಕಾಲಕ್ರಮದಲ್ಲಿ ಮಕ್ಕಳ ಪುಸ್ತಕವಾಯಿತು.

ಪ್ರಾಣಿಯನ್ನು ಪ್ರಾಣಿಯಾಗಿಯೇ ನೋಡಿದ ಹಳಗನ್ನಡದ ಪುಸ್ತಕವನ್ನು ಹುಡುಕಿದರೆ ಅದು ಕಾವ್ಯದ ಸಾಲಿನಲ್ಲಿ ಸಿಗದೆ ವೈದ್ಯಶಾಸ್ತ್ರದಲ್ಲಿ ಸಿಗುತ್ತದೆ. ಚಾಲುಕ್ಯ ಅರಸುಮನೆತನದ ಕೀರ್ತಿವರ್ಮನು 12ನೆಯ ಶತಮಾನದ ಆದಿಭಾಗದಲ್ಲಿ ರಚಿಸಿದ ‘ಗೋವೈದ್ಯ’ವು ದನಗಳ ರೋಗಗಳಿಗೆ ಔಷಧವನ್ನು ಹೇಳುತ್ತ, ಅದರ ಜೊತೆಗೆ ಮಂತ್ರತಂತ್ರಗಳನ್ನೂ ಹೇಳುತ್ತದೆ. ಮಂತ್ರದ ಭಾಗವನ್ನು ಬದಿಗಿಟ್ಟು ನೋಡಿದರೆ, ಮಾತು ಬಾರದ ಜೀವವೊಂದರ ನೋವು ಎಲ್ಲಿದೆ ಎಂದು ಮೈಮುಟ್ಟಿ ತಿಳಿಯುವ ವಿದ್ಯೆಯನ್ನು ಕನ್ನಡದಲ್ಲಿ ಬರೆದಿಡಬೇಕು ಎಂದು ಆ ಕಾಲದಲ್ಲೇ ಒಬ್ಬ ರಾಜಕುಮಾರನಿಗೆ ಅನ್ನಿಸಿದ್ದು ಸಣ್ಣ ಸಂಗತಿಯಲ್ಲ. ಅದೇ ವಿದ್ಯೆಯ ಆಧುನಿಕ ರೂಪವನ್ನು ಕಲಿಸಲು 1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ತೆರೆಯಿತು. ಹತ್ತಿರದ ಬಳ್ಳಾರಿ ರಸ್ತೆಯ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ, ಅಂದರೆ ಜನ ಜಿಕೆವಿಕೆ ಎನ್ನುವ ಆವರಣದ, ಕೃಷಿ ವಿಶ್ವವಿದ್ಯಾಲಯವು ರೈತರಿಗಾಗಿ ಕನ್ನಡದಲ್ಲಿ ಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ.

ಮಕ್ಕಳ ಓದಿಗೆ ಪ್ರಾಣಿಗಳು ಬಂದದ್ದು ಪದ್ಯದ ಮೂಲಕ. ಪಂಜೆ ಮಂಗೇಶರಾಯರ ನಾಗರಹಾವು, ಜಿ. ಪಿ. ರಾಜರತ್ನಂ ಅವರ ನಾಯಿಮರಿ, ಜನಪದರ ಪುಣ್ಯಕೋಟಿ ಇವುಗಳನ್ನು ಬಾಯಿಪಾಠ ಮಾಡದೆ ಬೆಳೆದ ಕನ್ನಡದ ಮಗು ಅಪರೂಪ. ಶಿವರಾಮ ಕಾರಂತರು 1936ರಲ್ಲಿ ಹೊರತಂದ ‘ಬಾಲಪ್ರಪಂಚ’ವು ಮೂರು ಸಂಪುಟಗಳ ವಿಶ್ವಕೋಶವಾಗಿದ್ದು, ಮಕ್ಕಳಿಗೆ ಜೀವಲೋಕದ ನಿಜ ಸಂಗತಿಗಳನ್ನೇ, ನೀತಿಯ ಹೊದಿಕೆಯಿಲ್ಲದೆ ಹೇಳಬಹುದು ಎಂಬ ಧೈರ್ಯವನ್ನು ತೋರಿಸಿತು.

ಈ ಧೈರ್ಯ ಜನಪ್ರಿಯ ಗದ್ಯವಾಗಿ ಹರಡಿದ್ದು ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರಿಂದ. ಬೆಂಗಳೂರಿನಲ್ಲಿ ನೆಲೆಸಿದ್ದ ಬೇಟೆಗಾರ ಕೆನೆತ್ ಆಂಡರ್ಸನ್ (1910–1974) ಇಂಗ್ಲಿಷಿನಲ್ಲಿ ಬರೆದ ಅನುಭವಗಳನ್ನು ತೇಜಸ್ವಿ ‘ಕಾಡಿನ ಕತೆಗಳು’ ಎಂಬ ನಾಲ್ಕು ಭಾಗಗಳಲ್ಲಿ, ಮೂಲದ ಸಾಲುಗಳಿಗೆ ಅಂಟಿಕೊಳ್ಳದ ಭಾವಾನುವಾದವಾಗಿ ಕನ್ನಡಕ್ಕೆ ತಂದರು. ಅವುಗಳಲ್ಲಿ ಮೂರನೆಯದು ‘ಜಾಲಹಳ್ಳಿಯ ಕುರ್ಕ’. ಕುರ್ಕ ಎಂದರೆ ಹಳ್ಳಿಗರ ಮಾತಿನಲ್ಲಿ ಚಿರತೆ. ಮೂಲ ಕತೆ 1954ರಲ್ಲಿ ಪ್ರಕಟವಾದ ಆಂಡರ್ಸನ್‌ನ ಮೊದಲ ಪುಸ್ತಕದಲ್ಲಿದ್ದು, ಅದರ ಚಿರತೆ ಮನುಷ್ಯರ ಮೇಲೆರಗಿ ಕೊಂದರೂ ಅವರನ್ನು ತಿಂದದ್ದಲ್ಲವಾದ್ದರಿಂದ ಲೇಖಕ ಅದನ್ನು ನರಭಕ್ಷಕ ಎನ್ನುವುದಿಲ್ಲ. ನರಭಕ್ಷಕ ಎಂಬ ಪದವನ್ನು ಎಲ್ಲೆಂದರಲ್ಲಿ ಬಳಸುವ ಇಂದಿನ ಸುದ್ದಿಗಳ ನಡುವೆ ಈ ಎಚ್ಚರ ಎದ್ದು ಕಾಣುತ್ತದೆ. ಆಹಾರಕ್ಕಾಗಿ ಮನುಷ್ಯನನ್ನು ಹುಡುಕುವ ಪ್ರಾಣಿಗೂ, ಸುತ್ತುವರಿದಾಗ ಇಲ್ಲವೇ ಗಾಯಗೊಂಡಾಗ ತಿರುಗಿ ಬೀಳುವ ಪ್ರಾಣಿಗೂ ಇರುವ ಅಂತರವೇ ಆ ಪ್ರಾಣಿಯೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನಿರ್ಧರಿಸುವಂಥದು.

ಇಂದಿನ ಓದುಗರಿಗೆ ಜಾಲಹಳ್ಳಿಯೆಂದರೆ ಯಶವಂತಪುರ, ಪೀಣ್ಯಗಳನ್ನು ದಾಟಿದ ಮೇಲೆ ಬರುವ ಮೆಟ್ರೊ ನಿಲ್ದಾಣ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಇಲ್ಲಿ ಕಾರ್ಖಾನೆಗಳಾಗಿ ಬೇರುಬಿಡುವ ಮೊದಲು ಅದು ಪೊದೆ, ಬಂಡೆ, ಮೇಕೆ ಮಂದೆಗಳ ಊರಾಗಿತ್ತು, ಮತ್ತು ಮೇಕೆಗಳ ಹಿಂದೆ ಚಿರತೆ ಬರುವುದು ಅಲ್ಲಿಯ ದಿನನಿತ್ಯದ ಬದುಕಿನ ಭಾಗವಾಗಿತ್ತು. ತೇಜಸ್ವಿಯವರ ಪುಸ್ತಕವನ್ನು ಹೈಸ್ಕೂಲು ಹುಡುಗರು ರೋಮಾಂಚನಕ್ಕಾಗಿ ಓದಬಹುದು, ಅವರ ಅಜ್ಜಂದಿರು ಕಳೆದುಹೋದ ಊರಿನ ದಾಖಲೆಯಾಗಿ ಓದಬಹುದು. ಬೇಟೆಯ ಕತೆಯೊಂದು ಕಾಲ ಕಳೆದಂತೆ ಊರಿನ ಚರಿತ್ರೆಯಾಗುವುದು ಹೀಗೆ. ನಗರದ ಅಂಚಿನ ಬಡಾವಣೆಗಳಲ್ಲಿ ಈಗಲೂ ಆಗಾಗ ಚಿರತೆ ಕಾಣಿಸಿಕೊಂಡು ಗಾಬರಿ ಹುಟ್ಟಿದಾಗ, ಅದು ಎಲ್ಲಿಂದಲೋ ದಾರಿ ತಪ್ಪಿ ಬಂದದ್ದೆಂದು ಭಾವಿಸುವವರು ಈ ಪುಸ್ತಕವನ್ನು ಒಮ್ಮೆಯಾದರೂ ತೆರೆಯಬೇಕು.

ಅನುವಾದಗಳಲ್ಲಿ ಕೋವಿ ಹಿಡಿದವನ ಕಣ್ಣಿದ್ದರೆ, ತೇಜಸ್ವಿಯವರ ಸ್ವಂತ ಕೃತಿಗಳಲ್ಲಿ ಕಾದು ಕೂತು ನೋಡುವವನ ಕಣ್ಣಿದೆ. 1980ರ ‘ಕರ್ವಾಲೊ’ ಕಾದಂಬರಿಯಲ್ಲಿ ವಿಜ್ಞಾನಿಯೊಬ್ಬರು, ಜೇನು ಹಿಡಿಯುವ ಹಳ್ಳಿಗನಾದ ಮಂದಣ್ಣನ ಕಣ್ಣನ್ನೇ ನಂಬಿ ಪಶ್ಚಿಮಘಟ್ಟದ ಕಾಡಿನೊಳಗೆ ಹುಡುಕಿಕೊಂಡು ಹೋಗುವುದು ಹಾರುವ ಓತಿಯನ್ನು. ಈ ಓತಿಗೆ ಹಕ್ಕಿಯ ರೆಕ್ಕೆಯಿಲ್ಲ. ಪಕ್ಕೆಲುಬುಗಳು ಬದಿಗೆ ಉದ್ದವಾಗಿ ಚಾಚಿಕೊಂಡು ನಡುವಿನ ತೊಗಲನ್ನು ಬಿಚ್ಚುವುದರಿಂದ ಅದು ಮರದಿಂದ ಮರಕ್ಕೆ ತೇಲಿಹೋಗಬಲ್ಲದು. ಆ ಓತಿ ಮನುಷ್ಯನ ಯಾವ ಗುಣಕ್ಕೂ ಸಂಕೇತವಾಗಿ ನಿಲ್ಲುವುದಿಲ್ಲ, ಕೊನೆಗೂ ಯಾರ ಕೈಗೂ ಸಿಕ್ಕುವುದಿಲ್ಲ. ‘ಪರಿಸರದ ಕತೆ’ಯಲ್ಲಿ ಬರುವ ಕಿವಿ ಎಂಬ ನಾಯಿಯನ್ನು ಮಕ್ಕಳೂ ದೊಡ್ಡವರೂ ಒಂದೇ ಅಕ್ಕರೆಯಿಂದ ನೆನೆಯುವುದಕ್ಕೂ, ಅದನ್ನು ಲೇಖಕ ನಾಯಿಯಾಗಿಯೇ ಉಳಿಸಿಕೊಂಡದ್ದೇ ಕಾರಣ.

ಇಷ್ಟಾದರೂ ಉತ್ತರ ಬೆಂಗಳೂರಿನ ಮಗುವಿಗೆ ತನ್ನ ಕಣ್ಣೆದುರಿನ ಪ್ರಾಣಿಗಳ ಬಗ್ಗೆ ಕನ್ನಡದಲ್ಲಿ ಸಿಗುವುದು ಸಾಲದು. ಯಲಹಂಕದ ಪುಟ್ಟೇನಹಳ್ಳಿ ಕೆರೆಯನ್ನು ಸರ್ಕಾರವು 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದೆ. ಜಕ್ಕೂರು, ಹೆಬ್ಬಾಳದ ಕೆರೆಗಳಲ್ಲಿ ಹೆಜ್ಜಾರ್ಲೆ, ನೀರುಕಾಗೆ, ನಾಮದ ಕೋಳಿಗಳನ್ನು ದಂಡೆಯ ಮೇಲೆ ನಿಂತೇ ನೋಡಬಹುದು. ಹೆಜ್ಜಾರ್ಲೆಯ ಕೆಳಕೊಕ್ಕಿನ ಚೀಲ ಮೀನನ್ನು ಕೂಡಿಡುವ ಬುಟ್ಟಿಯೆಂದು ಮಕ್ಕಳ ಚಿತ್ರಪುಸ್ತಕಗಳು ಬರೆಯುವುದುಂಟು. ವಾಸ್ತವದಲ್ಲಿ ಅದು ಮೀನನ್ನೂ ನೀರನ್ನೂ ಒಟ್ಟಿಗೆ ಮೊಗೆದು, ಕೊಕ್ಕನ್ನು ಎದೆಗೆ ಬಾಗಿಸಿ ನೀರನ್ನು ಬಸಿದು, ಮೀನನ್ನು ಆಗಲೇ ನುಂಗಿಬಿಡುವ ಬಲೆ. ಹಣೆಯಲ್ಲಿ ಬಿಳಿ ಗುರುತುಳ್ಳ ನಾಮದ ಕೋಳಿ ಚೆನ್ನಾಗಿ ಈಜಿದರೂ ಅದರ ಬೆರಳುಗಳ ನಡುವೆ ಬಾತಿನ ಹಾಗೆ ತೊಗಲಿಲ್ಲ, ಬೆರಳೊಂದೊಂದಕ್ಕೂ ಬೇರೆಯಾಗಿ ಎಲೆಯಂಥ ಅಂಚುಗಳಿವೆ. ಮೇಲೇಳಬೇಕಾದರೆ ಅದು ನೀರಿನ ಮೇಲೆ ಬಹುದೂರ ಓಡಬೇಕು.

ತೇಜಸ್ವಿಯವರ ‘ಕನ್ನಡನಾಡಿನ ಹಕ್ಕಿಗಳು’ ನಾಡಿಗೆಲ್ಲ ಸಲ್ಲುವ ಪುಸ್ತಕ. ಒಂದೇ ಕೆರೆಯನ್ನು ಹಿಡಿದು, ಮಳೆಗಾಲದಿಂದ ಬೇಸಿಗೆಯವರೆಗೆ ಅಲ್ಲಿ ಯಾವ ಹಕ್ಕಿ ಬಂದು ಎಲ್ಲಿ ಗೂಡು ಕಟ್ಟಿ ಏನು ತಿಂದಿತು ಎಂಬುದನ್ನು, ಹತ್ತು ವರ್ಷದವರೂ ಅರವತ್ತು ವರ್ಷದವರೂ ಒಟ್ಟಿಗೆ ಓದುವಂತೆ ಹೇಳುವ ಪುಸ್ತಕಗಳು ಇನ್ನೂ ಬೇಕಾಗಿವೆ. ಅದಕ್ಕೆ ಬೇಕಾದ ತಿಳಿವಳಿಕೆ ದೂರದಲ್ಲಿಲ್ಲ: ಜಿಕೆವಿಕೆ ಆವರಣದಲ್ಲೇ ಇರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ, ಹೆಬ್ಬಾಳದ ಪಶುವೈದ್ಯರಲ್ಲಿ, ಭಾನುವಾರ ಬೆಳಗ್ಗೆ ದುರ್ಬೀನು ಹಿಡಿದು ಕೆರೆಯ ದಂಡೆಗೆ ಬರುವ ಹವ್ಯಾಸಿಗಳಲ್ಲಿ ಅದು ಹರಡಿಕೊಂಡಿದ್ದು, ಬಹುಪಾಲು ಇಂಗ್ಲಿಷಿನ ಪ್ರಬಂಧಗಳಲ್ಲಿ ಮತ್ತು ಟಿಪ್ಪಣಿಗಳಲ್ಲಿ ಉಳಿದಿದೆ.