10 ದಿನದಲ್ಲಿ ಕಟ್ಟಿದ ಸೇತುವೆ, 18 ದಿನಕ್ಕೆ ವಾಪಸ್

ಆಳವಾದ, ಅಗಲವಾದ, ರಭಸವಾಗಿ ಹರಿಯೋ ನದಿ. ಸಿಮೆಂಟಿಲ್ಲ, ಸ್ಟೀಲಿಲ್ಲ. ಇರೋದು ಕಾಡಿನ ಮರ, ಸೈನಿಕರ ಕೈ. ಸೇತುವೆ ಕಟ್ಟೋಕೆ ಎಷ್ಟು ದಿನ ಬೇಕು? ಕ್ರಿ.ಪೂ. 55ರಲ್ಲಿ ಜೂಲಿಯಸ್ ಸೀಸರನ ಸೈನ್ಯ ರೈನ್ ನದಿಗೆ 10 ದಿನದಲ್ಲಿ ಸೇತುವೆ ಹಾಕಿತು. ಅದೂ ಮರ ಒಟ್ಟುಮಾಡಲು ಶುರುಮಾಡಿದ ದಿನದಿಂದ ಲೆಕ್ಕ!

ಯಾಕೆ ಇಷ್ಟು ಅವಸರ? ರೈನ್‌ನ ಪಶ್ಚಿಮಕ್ಕಿದ್ದ ಗಾಲ್ ನಾಡನ್ನು ಸೀಸರ್ ಗೆಲ್ಲುತ್ತಿದ್ದ. ಪೂರ್ವಕ್ಕೆ ಜರ್ಮಾನಿಕ್ ಬುಡಕಟ್ಟುಗಳು. ಆ ವರ್ಷ ನದಿ ದಾಟಿ ಬಂದ ಎರಡು ಬುಡಕಟ್ಟುಗಳನ್ನು, ಹೆಂಗಸರು ಮಕ್ಕಳೆನ್ನದೆ, ಅವನ ಸೈನ್ಯ ಕೊಂದಿತ್ತು. ಉಳಿದ ಕುದುರೆ ಸವಾರರಿಗೆ ಆಚೆ ದಡದ ಸುಗಾಂಬ್ರಿ ಜನ ಆಶ್ರಯ ಕೊಟ್ಟರು. ಅವರನ್ನು ಒಪ್ಪಿಸಿ ಅಂದರೆ, ರೋಮಿನ ಅಧಿಕಾರ ರೈನ್‌ಗೆ ಮುಗೀತು ಅನ್ನೋ ಉತ್ತರ ಬಂತು. ರೋಮಿನ ಸ್ನೇಹಿತರಾದ ಉಬಿಯರು ದೋಣಿ ಕೊಡ್ತೀವಿ ಅಂದರು. ದೋಣಿ ಸುರಕ್ಷಿತವಲ್ಲ, ರೋಮಿನ ಘನತೆಗೂ ತಕ್ಕದ್ದಲ್ಲ ಅಂತ ಸೀಸರ್ ಬೇಡವೆಂದ. ಸೇತುವೆಯೇ ಅವನ ಉತ್ತರವಾಯಿತು.

ಈಗ ಡಿಸೈನ್ ನೋಡೋಣ. ಒಂದೂವರೆ ಅಡಿ ದಪ್ಪದ, ತುದಿ ಚೂಪು ಮಾಡಿದ ಎರಡೆರಡು ಕಂಬಗಳನ್ನು 2 ಅಡಿ ಅಂತರದಲ್ಲಿ ಜೋಡಿಸಿ, ನದಿಗಿಳಿಸಿ, ಭಾರದ ಕೊಡತಿಯಿಂದ ತಳಕ್ಕೆ ಗುದ್ದಿದರು. ನಾವು ಪೈಲ್ ಡ್ರೈವಿಂಗ್ ಅಂತ ಓದೋದು ಇದನ್ನೇ. ಆದರೆ ಕಂಬಗಳು ನೆಟ್ಟಗಿರಲಿಲ್ಲ. ನೀರು ಬರುವ ಕಡೆಯ ಜೋಡಿ ಹರಿವಿನ ದಿಕ್ಕಿಗೆ ವಾಲಿತ್ತು. 40 ಅಡಿ ಕೆಳಗಿನ ಇನ್ನೊಂದು ಜೋಡಿ ಹರಿವಿಗೆ ಎದುರಾಗಿ ವಾಲಿತ್ತು. ಇವೆರಡರ ಸಂದಿಗಳಲ್ಲಿ 2 ಅಡಿ ದಪ್ಪದ ಅಡ್ಡತೊಲೆ ಕೂರಿಸಿ, ತುದಿಗಳನ್ನು ಬಿಗಿ ಮಾಡಿದರು. ನೀರು ಜೋರಾಗಿ ತಳ್ಳಿದಷ್ಟೂ ಜೋಡಣೆ ಇನ್ನೂ ಬಿಗಿ! ಮೇಲೆ ಉದ್ದ ತೊಲೆ, ಗಳ, ಹೆಣೆದ ತಟ್ಟಿ ಹಾಸಿದರು. ಕೆಳಗಡೆ ಆಸರೆಗೆ ಓರೆ ಕಂಬಗಳು. ಶತ್ರುಗಳು ದಿಮ್ಮಿ ತೇಲಿಬಿಟ್ಟರೆ ತಡೆಯಲು, ಸೇತುವೆಗಿಂತ ಸ್ವಲ್ಪ ಮೇಲೆ ಕಾವಲು ಕಂಬಗಳು.

ಆಮೇಲೆ? ಸುಗಾಂಬ್ರಿ ಜನ ಅಷ್ಟರಲ್ಲೇ ಕಾಡು ಸೇರಿದ್ದರು. ಸೀಸರ್ ಅವರ ಹಳ್ಳಿಗಳನ್ನು ಸುಟ್ಟ, ಬೆಳೆ ಕೊಯ್ಸಿ ಹಾಕಿದ. ಬಲಿಷ್ಠರಾದ ಸ್ವೇಬಿಯರು ಒಳನಾಡಿನಲ್ಲಿ ಸೇರಿ ಕಾಯುತ್ತಿದ್ದಾರೆಂದು ತಿಳಿದಾಗ, ದೊಡ್ಡ ಯುದ್ಧವಿಲ್ಲದೆಯೇ 18 ದಿನಕ್ಕೆ ವಾಪಸ್ ಬಂದ. ಬಂದವನೇ ಸೇತುವೆ ಕೀಳಿಸಿದ. ಕ್ರಿ.ಪೂ. 53ರಲ್ಲಿ ಮತ್ತೊಂದು ಕಟ್ಟಿದ, ಆಗಲೂ ಆಚೆ ದಡದಲ್ಲಿ ನೆಲೆಯೂರಲಿಲ್ಲ.

ಮುಂದೆ ಚಕ್ರವರ್ತಿ ಆಗಸ್ಟಸ್ ಆಚೆ ದಡವನ್ನು ಪ್ರಾಂತ್ಯವಾಗಿಸಲು ಹೊರಟ. ಕ್ರಿ.ಶ. 9ರಲ್ಲಿ ಟ್ಯೂಟೊಬರ್ಗ್ ಕಾಡಿನಲ್ಲಿ ರೋಮಿನ 3 ಲೀಜನ್‌ಗಳು ನಾಶವಾದವು. ದಾಳಿ ನಡೆಸಿದ ಆರ್ಮಿನಿಯಸ್ ರೋಮಿನ ಸೈನ್ಯದಲ್ಲೇ ಪಳಗಿದವನು! ಕೊನೆಗೆ ಗಡಿ ರೈನ್‌ಗೇ ಬಂದು ನಿಂತಿತು, ಸುಗಾಂಬ್ರಿಗಳು ಹೇಳಿದ ಹಾಗೇ.

ನಾವು ಯಾವುದೇ ಡಿಸೈನ್ ನೋಡಿದರೂ ಮೊದಲು ಲೋಡ್ ಎಷ್ಟು, ಸ್ಪ್ಯಾನ್ ಎಷ್ಟು ಅಂತ ಕೇಳ್ತೀವಿ. ಈ ಸೇತುವೆ ಅದರಲ್ಲೆಲ್ಲ ಪಾಸ್. ಆದರೆ ಅದರ ಮೇಲೆ ಹೋದವರು ಮಾಡಿದ್ದು ಹಳ್ಳಿ ಸುಡುವ ಕೆಲಸ. ಕದನವಿರಾಮ ಮುರಿದ ಸೀಸರನನ್ನು ಆ ಬುಡಕಟ್ಟುಗಳಿಗೇ ಒಪ್ಪಿಸಬೇಕು ಅಂತ ರೋಮಿನಲ್ಲೇ ಕೇಟೋ ವಾದಿಸಿದ್ದ. ಯಾರಿಗಾಗಿ, ಯಾತಕ್ಕಾಗಿ ಕಟ್ಟುತ್ತಿದ್ದೇವೆ ಅನ್ನೋ ಪ್ರಶ್ನೆಯನ್ನೂ ನಾವು ಆ ಲೆಕ್ಕದ ಜೊತೆಗೇ ಕೇಳಬೇಕು.